ಮೂರನೇ ಕೂಗು

ಮೆಟ್ಟಿಲಿನ ಕೆಳಗಿನ ಮೂಲೆಯಲ್ಲಿ ಒಂದು ತಾಮ್ರದ ಹಂಡೆ ಬೋರಲಾಗಿ ಕೂತಿತ್ತು. ಮೇಣದಬತ್ತಿಯ ಬೆಳಕು ಅದರ ತಳದವರೆಗೆ ಹೋಗಿ ಅಲ್ಲಿಯೇ ನಿಲ್ಲುತ್ತಿತ್ತು. ಒಂದು ಕಾಲದ ಸೌದೆಬೆಂಕಿ ಆ ತಳಕ್ಕೆ ಬಳಿದ ಮಸಿ, ಎಷ್ಟು ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗದೆ, ಓದಬಲ್ಲವರು ತೀರಿಕೊಂಡ ಲಿಪಿಯಂತೆ ಉಳಿದುಕೊಂಡಿತ್ತು. ಕಂಠದ ಸುತ್ತ ಹಸಿರು ಕಿಲುಬು. ಅದರ ಬೆನ್ನಿಗೆ ಒರಗಿ, ಒಂದು ಕಾಲು ಮುರಿದ ಹಿತ್ತಾಳೆಯ ಪಂಪ್ ಸ್ಟೋವು. ಸ್ಟೋವಿನ ಮೇಲೆ, ನೀರು ಕಾಯಿಸುವ ಕಾಯಿಲ್. ಅದರ ವೈರನ್ನು ಯಾರೋ ಜತನದಿಂದ ಸುತ್ತಿ, ಮತ್ತೆ ಬೇಕಾದೀತೆಂಬಂತೆ ದಾರ ಕಟ್ಟಿಟ್ಟಿದ್ದರು. ಸಿಮೆಂಟಿನ ಮೆಟ್ಟಿಲ ಬಿರುಕಿನಿಂದ ಜಿನುಗಿದ ಮಳೆನೀರು ತಡೆದು ತಡೆದು ಹಂಡೆಯ ತಳದ ಮೇಲೆ ಬೀಳುತ್ತಿತ್ತು. ಪ್ರತಿ ಹನಿಗೂ ಹಂಡೆ, ಒಳಗೆ ಏನೂ ಇಲ್ಲದ್ದು ಮಾತ್ರ ಕೊಡಬಲ್ಲ ಒಂದು ದನಿ ಕೊಡುತ್ತಿತ್ತು. ಉಳಿದಂತೆ ಆ ಮೂಲೆಯಲ್ಲಿ ಏನೂ ಅಲುಗುತ್ತಿರಲಿಲ್ಲ.

ಪದ್ಮನಾಭನಗರದ ಆ ಮನೆಯ ವರಾಂಡದಲ್ಲಿ ಅಂದು ಸಂಜೆ ಕರೆಂಟು ಹೋಗಿತ್ತು. ಎರಡು ಸಾವಿರದ ಆರನೆಯ ಇಸವಿಯ ಹಿಂಗಾರು ಮಳೆ; ಹಿಡಿದರೆ ಬಿಡದು. ಬೆತ್ತದ ಕುರ್ಚಿಯಲ್ಲಿ, ಶಸ್ತ್ರಚಿಕಿತ್ಸೆಯಾದ ಮಂಡಿಯನ್ನು ಮಣೆಯ ಮೇಲೆ ನೀಡಿಕೊಂಡು, ಮನೆಯ ಯಜಮಾನಿ ಚೂಡಾಮಣಮ್ಮ ಕೂತಿದ್ದರು. ಅವರ ಮೊಮ್ಮಗಳು ಸುರಭಿ, ನಾಳೆಯ ಪರೀಕ್ಷೆಯ ಪುಸ್ತಕವನ್ನು ತೊಡೆಯ ಮೇಲೆ ತೆರೆದಿಟ್ಟು, ಓದಲು ಬೆಳಕಿಲ್ಲವೆಂಬ ಸಂತೋಷವನ್ನು ಮರೆಮಾಚುತ್ತ ಪಕ್ಕದಲ್ಲಿದ್ದಳು. ಹೊರಗಿನ ಮೆಟ್ಟಿಲಿಳಿದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಹಡಿಯ ಬಾಡಿಗೆದಾರಳು ರಾಜಶ್ರೀ ಅಲ್ಲಿಗೆ ಬಂದಳು.

“ಅಜ್ಜೀ, ಕಡ್ಡಿಪೆಟಗಿ ಐತೇನ್ರೀ? ಲೈಟರ್ ಕಿಡೀನ ಕಾರವಲ್ದು. ಅಕ್ಕಿ ತೊಳದು ಕುಕ್ಕರಿಗೆ ಹಾಕಿ ಒಲಿ ಮ್ಯಾಲ ಇಟ್ಟೇನಿ, ಹಚ್ಚಾಕ ಕಡ್ಡಿ ಇಲ್ಲ.”

“ಬೆಂಕಿಪೊಟ್ಟಣ ಕೇಳ್ತಿದಾರೆ ಅಜ್ಜಿ,” ಎಂದಳು ಸುರಭಿ. “ನಾನು ಮೊದಲ ಸಲ ಕೇಳಿದಾಗ ಯಾವ್ದೋ ಬೀರು ಬೇಕೇನೋ ಅಂದ್ಕೊಂಡಿದ್ದೆ.”

“ನಿನ್ನ ಕಿವಿಗೆ ಎಲ್ಲಾ ಹಂಗ ಕೇಳಸ್ತಾವು ತಂಗಿ,” ಎಂದು ನಕ್ಕು ರಾಜಶ್ರೀ ಕೈಚಾಚಿದಳು.

ಚೂಡಾಮಣಮ್ಮ ಬೆಂಕಿಪೊಟ್ಟಣವನ್ನು ಅವಳ ಅಂಗೈಯಲ್ಲಿಟ್ಟರು. ಆದರೆ ಕೈ ಬಿಡಲಿಲ್ಲ. “ಕತ್ತಲಲ್ಲಿ ಒಬ್ಬಳೇ ಏನು ಮಾಡ್ತೀಯಮ್ಮ, ಕೂತ್ಕೋ. ಚನ್ನವೀರ ಬಂದ್ಮೇಲೆ ಹಚ್ಚಿದ್ರಾಯ್ತು. ಅಂದ ಹಾಗೆ, ಮಧ್ಯಾಹ್ನ ಪ್ಲಂಬರು ಒಂದು ಡಬ್ಬ ಹೊತ್ಕೊಂಡು ಮೇಲೆ ಹೋದನಲ್ಲ, ಏನದು?”

“ಗ್ಯಾಸ್ ಗೀಸರ್ರೀ ಅಜ್ಜಿ.” ರಾಜಶ್ರೀಯ ದನಿಯಲ್ಲಿ ಹೆಮ್ಮೆಯಿತ್ತು. ಅದು ಅವಳ ಹಟದಿಂದ ಬಂದದ್ದು. ಗದಗದಿಂದ ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅವಳು ಕಂಡದ್ದು ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು, ನೀರು ಕಾದಿದೆಯೋ ಇಲ್ಲವೋ ಎಂದು ಬೆರಳದ್ದಿ ಶಾಕ್ ಹೊಡೆಸಿಕೊಳ್ಳುವ ಬೆಳಗುಗಳನ್ನೇ. ಕರೆಂಟಿನ ಹಂಗಿಲ್ಲದೆ, ನಲ್ಲಿ ತಿರುಗಿಸಿದೊಡನೆ ಬಿಸಿನೀರು ಸುರಿಸುವ ಆ ಬಿಳಿಯ ಪೆಟ್ಟಿಗೆಗಾಗಿ ಅವಳು ಗಂಡನೊಡನೆ ಮಾತು ಬಿಟ್ಟೂ ನೋಡಿದ್ದಳು.

“ಎಲ್ಲಿ ಹಾಕಿಸಿದೀರ?”

“ಬಚ್ಚಲದಾಗ. ಮತ್ತೆಲ್ಲಿರಿ?”

“ಒಳಗೇನಾ?”

“ಹೂಂರಿ. ನಾಳಿ ಶುಕ್ರವಾರ. ಕುಂಕುಮಾ ಹಚ್ಚಿ, ಊದಿನಕಡ್ಡಿ ಬೆಳಗಿ ಚಾಲೂ ಮಾಡೂಣಂತ ಮಾಡೇವಿ.”

“ಅಂದ್ರೆ ಇನ್ನೂ ಹಚ್ಚಿಲ್ಲ.” ಮುದುಕಿ ಉಸಿರು ಬಿಟ್ಟರು. “ಸರಿ. ಹಾಗಾದ್ರೆ ಕತೆ ಹೇಳೋಷ್ಟು ಹೊತ್ತಿದೆ.”

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಬಿಟಿಎಂ ಲೇಔಟಿನ ಆಫೀಸಿನಿಂದ ಬೈಕಿನಲ್ಲಿ ನೆನೆದು ತೊಪ್ಪೆಯಾಗಿ ಬಂದ ರಾಜಶ್ರೀಯ ಗಂಡ ಚನ್ನವೀರ, ಹೆಲ್ಮೆಟ್ಟಿನೊಳಗಿನ ನೀರನ್ನು ಅಂಗಳಕ್ಕೆ ಸುರಿದು, ಹಲ್ಲು ಕಟಕಟಿಸುತ್ತ ನಿಂತ. “ಏನ್ ಅಜ್ಜಿ, ಸಭಾ ಕೂಡಿಸೀರಿ. ತಡೀರಿ, ಬಟ್ಟಿ ಬದಲಿ ಮಾಡ್ಕೊಂಡ ಬರ್ತೀನಿ.”

“ಗೀಸರ್ ಮುಟ್ಟಬ್ಯಾಡ್ರಿ ಮತ್ತ,” ಎಂದಳು ರಾಜಶ್ರೀ. “ನಾಳಿ ಪೂಜಾ ಆಗಲಿ.”

“ಆತ್ ಬಿಡವಾ. ನಿನ್ನ ಗೀಸರಿಗೆ ಕುಬಸಾ ಮಾಡಿ, ಉಡಿ ತುಂಬೇ ಚಾಲೂ ಮಾಡೂಣು.” ಅವನ ಒದ್ದೆ ಹೆಜ್ಜೆಗಳು ಮೆಟ್ಟಿಲೇರಿ ಹೋದವು. ಮೇಲೆ ಬಾಗಿಲು ತೆರೆದ ಸದ್ದನ್ನು ಮಳೆ ನುಂಗಿಕೊಂಡಿತು.

ಚೂಡಾಮಣಮ್ಮ ಮೆಟ್ಟಿಲ ಕೆಳಗಿನ ಹಂಡೆಯ ಕಡೆ ನೋಡುತ್ತ ಕತೆ ಶುರುಮಾಡಿದರು. ರಾಜಶ್ರೀ ಗೋಡೆಗೊರಗಿ, ಬೆಂಕಿಪೊಟ್ಟಣವನ್ನು ಮುಷ್ಟಿಯಲ್ಲಿಟ್ಟುಕೊಂಡು, ಮೊಣಕಾಲು ತಬ್ಬಿ ಕೂತಳು.

“ನಾನು ಮದುವೆಯಾಗಿ ಬಂದಾಗ ಆ ಹಂಡೆಯೂ ನನ್ನ ಜೊತೇಲೇ ಬಂತು. ಬಚ್ಚಲುಮನೇಲಿ ಅದನ್ನ ಒಲೆಗೆ ಹೂತು ಕೂರಿಸಿದ್ರು. ಬೆಳಿಗ್ಗೆ ಎದ್ದೋರು ಮೊದಲು ಅದಕ್ಕೆ ಸೌದೆ ಒಟ್ಟಬೇಕು. ಮಳೆಗಾಲದಲ್ಲಿ ಹಸಿ ಸೌದೆ… ಆ ಹೊಗೆ ಏನು ಕೇಳ್ತೀರ, ಇಡೀ ಮನೆ ಕೆಮ್ಮತಿತ್ತು. ಮಾವನೋರು ಬೈಯೋರು, ನಾನು ಸೆರಗಲ್ಲಿ ಮೂಗು ಒತ್ಕೊಂಡು ಊದುಗೊಳವೇಲಿ ಊದ್ತಿದ್ದೆ. ಆಮೇಲೆ ಸೌದೆ ಹೋಗಿ ಮರದ ಹೊಟ್ಟು ತುಂಬೋ ಒಲೆ ಬಂತು, ಅದು ಹೋಗಿ ಆ ಕಾಯಿಲ್ ಬಂತು, ಅದು ಹೋಗಿ ಗೋಡೆ ಮೇಲೆ ಕರೆಂಟಿನ ಗೀಸರ್ ಬಂತು. ಒಂದೊಂದು ಬಂದಾಗಲೂ ನಾವು ಹೆಂಗಸರು ಹಬ್ಬ ಮಾಡಿದೀವಿ, ಇಲ್ಲ ಅನ್ನಲ್ಲ. ಈ ಕೈ ಬೂದಿ ಬಳಿದಿದ್ದು ಸಾಕು ಅಂತಿತ್ತು. ಆದ್ರೆ ಒಂದು ಹೇಳ್ತೀನಿ, ಆ ಹಳೇ ಹೊಗೆಗೆ ಒಂದು ಮರ್ಯಾದೆ ಇತ್ತು. ನಾನು ಬಂದಿದೀನಿ ಅಂತ ಹೇಳಿ, ಕಣ್ಣು ಉರಿಸಿ, ಬಾಗಿಲು ತೆಗೆಸಿ ಆಮೇಲೆ ಒಳಗೆ ಬರ್ತಿತ್ತು… ಹೇಳದೇ ಬರೋ ಹೊಗೆ ಒಂದಿರತ್ತೆ ಅಂತ ನಮಗೇನು ಗೊತ್ತು?

“ಈಗ ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಇದೆಯಲ್ಲ, ಅಲ್ಲೊಂದು ಹೆಂಚಿನ ಮನೆ ಇತ್ತು. ನಮ್ಮ ಕಾಂಪೌಂಡಿಗೂ ಅದಕ್ಕೂ ನಡುವೆ ಒಂದಾಳು ಹೋಗೋ ಸಂದಿ. ಮುನಿಯಕ್ಕ ಅಂತ ಒಬ್ಬಳಿದ್ದಳು. ಬಿಳೇಕಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹುಟ್ಟಿ ಬೆಳೆದೋಳು. ಮಗ ಮುತ್ತುರಾಜ ಫ್ಯಾಕ್ಟರಿ ಕೆಲಸಕ್ಕೆ ಹೋಗೋನು, ಸೊಸೆ ವನಜಾಕ್ಷಿ. ಅತ್ತೆ ಸೊಸೆ ಜಗಳ ಆಡಿದ್ದು ನಾನು ಕೇಳಿಲ್ಲ. ಮುನಿಯಕ್ಕನಿಗೆ ಒಂದು ಕಿವಿ ಮಂದ. ವನಜಾಕ್ಷಿ ಏನು ಹೇಳೋದಿದ್ರೂ ಆ ಒಳ್ಳೇ ಕಿವಿ ಕಡೆ ಸುತ್ತಿ ಬಂದು ನಿಂತು ಹೇಳೋಳು. ಅಷ್ಟು ಮಾಡೋ ಸೊಸೆ ಯಾರಿಗೆ ಸಿಗ್ತಾಳೆ ಹೇಳಿ?

“ಮುನಿಯಕ್ಕನಿಗೆ ಈ ಹೊಸ ಸಾಮಾನು ಯಾವುದೂ ಆಗ್ತಿರಲಿಲ್ಲ. ಮಿಕ್ಸಿ ಹಾಕಿದ್ರೆ ಅಂಗಳಕ್ಕೆ ಹೋಗಿ ನಿಲ್ಲೋಳು. ಫೋನು ಬಂದ್ರೆ ಎತ್ತಿ, ತಿರುಗುಮುರುಗಾಗಿ ಹಿಡಿದು ಮಾತಾಡೋಳು. ಒಂದು ಕುಕ್ಕರ್ ಮಾತ್ರ ಅವಳಿಗೆ ಬಲೇ ಇಷ್ಟ. ಯಾಕೆ ಗೊತ್ತಾ? ಅದು ಕೂಗತ್ತೆ ಅಂತ.”

“ವಿಶಲ್ ಅಜ್ಜಿ,” ಎಂದಳು ಸುರಭಿ.

“ನಮ್ಮ ಕಡೆ ಸೀಟಿ ಅಂತೀವ್ರೀ,” ಎಂದಳು ರಾಜಶ್ರೀ. “ಮೂರು ಸೀಟಿ ಹೊಡಸು ಅಂತ.”

“ಸೀಟಿ ಹೊಡೆಯೋಕೆ ಅದೇನು ಬಸ್ ಸ್ಟ್ಯಾಂಡಿನ ಪೋಲಿ ಹುಡುಗನೇನಮ್ಮ? ಅದು ಕೂಗೋದು. ಮೂರು ಕೂಗು ಆದ್ಮೇಲೆ ಒಲೆ ಆರಿಸಬೇಕು. ಮುನಿಯಕ್ಕ ಹೇಳೋಳು, ‘ಚೂಡಾಮಣಮ್ಮಾರೇ, ಇದು ಮನುಷ್ಯ ಜಾತಿದು ಕಣ್ರಮ್ಮ, ಮೂರು ಸಲ ಕೂಗತ್ತೆ’ ಅಂತ. ಅವಳ ಹಳ್ಳೀಲಿ ಹಾಗೆ ಕಲಿಸಿದ್ರು. ಹೊತ್ತಲ್ಲದ ಹೊತ್ತಲ್ಲಿ ಹೊರಗಿಂದ ಯಾರಾದ್ರೂ ಹೆಸರು ಹಿಡಿದು ಕೂಗಿದ್ರೆ ಒಂದನೇ ಕೂಗಿಗೆ ಓ ಅನ್ನಬಾರದು, ಎರಡನೇದಕ್ಕೂ ಅನ್ನಬಾರದು. ಗಾಳಿ ದೆವ್ವಕ್ಕೆ ಮೂರನೇ ಕೂಗು ಕೂಗೋ ಶಕ್ತಿ ಇಲ್ಲ. ಮೂರನೇದು ಬಂದ್ರೆ ಅದು ಬದುಕಿರೋರು ಕೂಗಿದ್ದು ಅಂತ ತಿಳ್ಕೊಂಡು ಏಳಬೇಕು. ಅದಕ್ಕೇ ಅಡುಗೆಮನೇಲಿ ಮೂರನೇದು ಆದ ತಕ್ಷಣ ‘ಬಂದೆ ಇರವ್ವ’ ಅಂತ ಕುಕ್ಕರಿಗೆ ಹೇಳಿ, ಎದ್ದು ಹೋಗಿ ಒಲೆ ಆರಿಸೋಳು. ನಾವೆಲ್ಲ ನಗ್ತಿದ್ವಿ. ವನಜಾಕ್ಷೀನೂ ನಗೋಳು.”

ಮುದುಕಿ ಮಣೆಯ ಮೇಲಿನ ಕಾಲನ್ನು ಸರಿಮಾಡಿಕೊಂಡರು. ಮಳೆಯ ಜೊತೆಗೆ ಮೇಲಿನಿಂದ ಎಲ್ಲಿಯೋ ನೀರು ಧಾರೆಯಾಗಿ ಬೀಳುವ ಸದ್ದು ಸೇರಿಕೊಂಡಿತ್ತು. ತಾರಸಿಯ ಕೊಳವೆಯಿರಬೇಕು ಎಂದುಕೊಂಡಳು ರಾಜಶ್ರೀ.

“ತೊಂಬತ್ತೆಂಟೋ ತೊಂಬತ್ತೊಂಬತ್ತೋ. ಮುತ್ತುರಾಜ ಒಂದು ಗ್ಯಾಸ್ ಗೀಸರ್ ತಂದ. ಈ ಬೀದೀಲಿ ಮೊದಲನೇದು ಅವನದ್ದೇ. ನಾವೆಲ್ಲ ಸಾಲಾಗಿ ಹೋಗಿ ನೋಡ್ಕೊಂಡು ಬಂದ್ವಿ, ಮದುಮಗಳನ್ನ ನೋಡೋ ಹಾಗೆ. ಕೊಳಾಯಿ ತಿರುಗಿಸಿದ್ರೆ ಒಳಗೆ ಬುಸ್ ಅಂತ ನೀಲಿ ಬೆಂಕಿ, ಹೊರಗೆ ಬಿಸಿನೀರು. ಸೌದೆ ಇಲ್ಲ, ಬೂದಿ ಇಲ್ಲ, ಹೊಗೆ ಇಲ್ಲ. ‘ನೋಡಮ್ಮ, ಹೊಗೇನೇ ಇಲ್ಲ’ ಅಂತ ಮುತ್ತುರಾಜ ಅವರಮ್ಮನಿಗೆ ತೋರಿಸಿದ. ಆ ಮಾತು ನನ್ನ ಕಿವೀಲಿ ಇನ್ನೂ ಇದೆ.

“ಧನುರ್ಮಾಸ, ಚಳಿ. ಬಚ್ಚಲ ಗವಾಕ್ಷಿಯಿಂದ ಗಾಳಿ ಬರತ್ತೆ ಅಂತ ರಟ್ಟು ಹೊಡೆದು ಮುಚ್ಚಿದ್ರು. ಒಂದು ಶುಕ್ರವಾರ ಬೆಳಿಗ್ಗೆ ವನಜಾಕ್ಷಿ ಅಕ್ಕಿ ತೊಳೆದು ಕುಕ್ಕರ್ ಇಟ್ಟು, ಅತ್ತೆ ಒಳ್ಳೇ ಕಿವಿ ಕಡೆ ಬಂದು ಹೇಳಿದಳಂತೆ, ‘ಅತ್ತೆ, ತಲೆಗೆ ಎಣ್ಣೆ ಹಾಕ್ಕೊಂಡಿದೀನಿ, ಸ್ನಾನ ತಡ ಆಗತ್ತೆ. ಮೂರು ಕೂಗು ಆದ್ಮೇಲೆ ಆರಿಸಿ.’ ಅಷ್ಟೇ. ಎಣ್ಣೆ ಸ್ನಾನ ಅಂದ್ರೆ ಹೆಂಗಸರು ಬೇಗ ಬರಲ್ಲ, ಯಾರೂ ಹುಡುಕಲ್ಲ. ಮುನಿಯಕ್ಕ ನಡುಮನೇಲಿ ಅವರೆಕಾಯಿ ಬಿಡಿಸ್ತಾ ಕೂತಿದ್ದಳು. ಟೀವೀಲಿ ಏನೋ ಹಾಡು ಬರ್ತಿತ್ತು.

“ಒಂದು ಕೂಗಾಯ್ತು. ಮುನಿಯಕ್ಕ ಏಳಲಿಲ್ಲ. ಎರಡಾಯ್ತು, ಅದು ಸ್ವಲ್ಪ ಸಣ್ಣಗೆ. ಏಳಲಿಲ್ಲ. ಮೂರನೇದು… ಆಯ್ತೋ ಇಲ್ವೋ ಅನ್ನೋ ಹಾಗೆ. ‘ಬಂದೆ ಇರವ್ವ’ ಅಂದು ಎದ್ದು ಹೋಗಿ ಒಲೆ ಆರಿಸಿ, ಬಂದು ಮತ್ತೆ ಅವರೆಕಾಯಿ ಹಿಡಿದಳು.

“ತುಂಬ ಹೊತ್ತಾದ್ಮೇಲೆ ಕಾಂಪೌಂಡ್ ಹತ್ತಿರ ಬಂದು ನನ್ನ ಕರೆದಳು. ‘ಚೂಡಾಮಣಮ್ಮಾರೇ, ಹುಡುಗಿ ಇನ್ನೂ ನೀರು ಹುಯ್ಕೊಳ್ತಾ ಅವ್ಳೆ, ನಂಗೆ ಹಸಿವು. ಈ ಕುಕ್ಕರ್ ಮುಚ್ಚಳ ತೆಗೆಯೋಕೆ ನಂಗೆ ಭಯ, ವಸಿ ಬಂದು ತೆಗೆದುಕೊಡಿ’ ಅಂತ. ನಾನು ಸಂದಿಯಿಂದ ಹೋದೆ. ಮುಚ್ಚಳದ ಮೇಲಿನ ಗುಂಡು ಎತ್ತಿದೆ. ಬುಸ್ ಅನ್ನಲಿಲ್ಲ. ಮುಚ್ಚಳ ತಿರುಗಿಸಿದೆ. ಹಗುರಾಗಿ ಬಂತು. ಒಳಗೆ ನೀರು ಉಗುರು ಬೆಚ್ಚಗೆ ಅಷ್ಟೇ ಇತ್ತು. ಕೆಳಗೆ ಅಕ್ಕಿ… ಅಕ್ಕಿ ಅಕ್ಕಿಯಾಗೇ ಇತ್ತು. ಒಂದು ಕಾಳು ಅರಳಿರಲಿಲ್ಲ.

“‘ಇದು ಕೂಗೇ ಇಲ್ಲ ಮುನಿಯಕ್ಕ’ ಅಂದೆ.

“‘ಕೂಗ್ತಲ್ಲಮ್ಮ. ನಾನೇ ಎಣಿಸಿದೆ. ಮೂರು ಕೂಗಾಯ್ತು’ ಅಂದಳು.

“ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ವಿ. ಕುಕ್ಕರ್ ಕೂಗಿಲ್ಲ ಅಂದ್ರೆ, ಕೂಗಿದ್ದು ಯಾರು? ಬಚ್ಚಲುಮನೇಲಿ ನೀರು ಬೀಳ್ತಾನೇ ಇತ್ತು.”

ಸುರಭಿಯ ತೊಡೆಯ ಮೇಲಿನ ಪುಸ್ತಕ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ಅವಳು ಬಗ್ಗಲಿಲ್ಲ.

“ಬಾಗಿಲು ಒಡೆದ್ವಿ. ಹೇಗೆ ಹೇಳಲಿ… ಕೆನ್ನೆ ಕೆಂಪಗೆ, ತುಟಿ ಕೆಂಪಗೆ, ಈಗ ತಾನೇ ಎಣ್ಣೆ ನೀರು ಮುಗಿಸಿ ನಿದ್ದೆ ಹೋದ ಮಗು ಹಾಗೆ ಮಲಗಿದ್ದಳು. ಒಂದು ಗಾಯ ಇಲ್ಲ. ಮುಚ್ಚಿದ ಬಚ್ಚಲಲ್ಲಿ ಆ ನೀಲಿ ಬೆಂಕಿ ಬಿಡೋದು ಉಸಿರಿನ ಜಾಗದಲ್ಲಿ ಬಂದು ಕೂತ್ಕೊಳೋ ವಿಷದ ಗಾಳಿಯಂತೆ, ಬಣ್ಣ ಇಲ್ಲ, ವಾಸನೆ ಇಲ್ಲ, ಡಾಕ್ಟರು ಹೇಳಿದ್ರು. ಕಾಲಲ್ಲಿ ಶಕ್ತಿ ಹೋದ ಮೇಲೆ ಕೂಗಿದಾಳೆ, ಪಾಪ. ಮೂರು ಸಲ ಕೂಗಿದಾಳೆ. ಬದುಕಿರೋರು ಕೂಗೋ ಹಾಗೇ ಕೂಗಿದಾಳೆ. ಕೇಳಿಸ್ಕೊಂಡೋಳು ‘ಬಂದೆ ಇರವ್ವ’ ಅಂತ ಹೇಳಿ… ಒಲೆ ಹತ್ತಿರ ಹೋದಳು.

“ಆಮೇಲೆ ಮುನಿಯಕ್ಕ ಅಳಲಿಲ್ಲ. ಅದೇ ನಮಗೆ ಹೆದರಿಕೆ ಆಗಿದ್ದು. ಯಾರ ಮನೇಲಿ ಕುಕ್ಕರ್ ಕೂಗಿದ್ರೂ, ಈ ಬೀದೀಲಿ, ಹಿಂದಿನ ಬೀದೀಲಿ, ಎಲ್ಲಾದ್ರೂ ಸರಿ, ಮೂರನೇ ಕೂಗಿಗೆ ಎದ್ದು ಓಡೋಳು. ಒಲೆ ಹತ್ತಿರ ಅಲ್ಲ. ಬಚ್ಚಲ ಬಾಗಿಲಿಗೆ. ಗೆಣ್ಣಲ್ಲಿ ಟಕ್ ಟಕ್ ಅಂತ ಬಡಿದು ಕೇಳೋಳು, ‘ಇದೀಯೇನವ್ವಾ?’ ಒಳಗಿದ್ದೋರು ‘ಇದೀನಿ ಮುನಿಯಕ್ಕ’ ಅನ್ನಬೇಕು. ಅಂದ್ರೆ ಸಾಕು, ಇನ್ನೊಂದು ಮಾತಿಲ್ಲ, ಹೊರಟುಹೋಗೋಳು. ಹೋಗುವಾಗ ತಲೆಬಾಗಿಲು ಮಾತ್ರ ಎಷ್ಟು ಮೆತ್ತಗೆ ಮುಚ್ಕೊಂಡು ಹೋಗೋಳು ಅಂತೀರ… ಬಾಣಂತಿ ಮಲಗಿರೋ ಮನೆಯಿಂದ ಹೋಗೋರ ಹಾಗೆ. ಬೀದಿಗೆ ಬೀದೀನೇ ಒಗ್ಗಿಹೋಯ್ತು. ಗಂಡಸರೂ ಸೋಪು ಮುಖದಲ್ಲೇ ‘ಇದೀನಿ’ ಅನ್ನೋರು. ಯಾರೂ ಬೈಯಲಿಲ್ಲ. ಅವಳನ್ನ ಬೈಯೋ ಬಾಯಿ ಯಾರಿಗಿತ್ತು?

“ಆಮೇಲೆ ಮುನಿಯಕ್ಕನೂ ತೀರ್ಕೊಂಡಳು. ಮುತ್ತುರಾಜ ಮನೆ ಮಾರಿ ಎಲ್ಲಿಗೋ ಹೋದ. ಮನೆ ಒಡೆದು ಅಪಾರ್ಟ್‌ಮೆಂಟ್ ಎದ್ದಿತು. ಆದ್ರೆ ನೋಡಿ… ಮನುಷ್ಯರು ಹೋದ್ರೂ ಅಭ್ಯಾಸ ಹೋಗಲ್ಲ. ಈ ಬೀದೀಲಿ ಹಳಬರು ಈಗಲೂ ಕುಕ್ಕರ್ ಮೂರು ಸಲ ಕೂಗಿದ್ರೆ ಬಚ್ಚಲಿಂದ ‘ಇದೀನಿ’ ಅಂತಾರೆ. ಹೊಸಬರಿಗೆ ಹೇಳಿದ್ರೆ ನಗ್ತಾರೆ. ದೆವ್ವ ಕೂಗಿದ್ರೆ ಓ ಅನ್ನಬಾರದು ಅಂತ ಎಲ್ಲ ಕಡೆ ಹೇಳ್ತಾರಲ್ವಾ? ಇಲ್ಲಿ ಉಲ್ಟಾ. ಇಲ್ಲಿ ಉತ್ತರ ಕೊಡಲೇಬೇಕು. ಕೊಡದೇ ಇದ್ರೆ… ಅವಳು ಹೋಗಲ್ಲ.”

ರಾಜಶ್ರೀಗೆ ನಗು ಬಂತು. ಭಯದ ಕತೆ ಮುಗಿದಾಗ ಬರುವ ಸಡಿಲ ನಗು. “ಅಜ್ಜಿ, ಛಲೋ ಅಂಜಿಸಿದ್ರಿ. ಅದಕ್ಕ ಏನ್ರೀ ನೀವು ದಿನಾ ಮುಂಜಾನಿ ಮ್ಯಾಲ ಬಂದು ನಮ್ಮ ಬಚ್ಚಲ ಬಾಗಲಾ ಬಡಿಯೂದು? ‘ಇದೀಯೇನವ್ವಾ’ ಅಂತ ಕೇಳ್ತೀರಿ, ನಾ ‘ಅದೀನ್ರೀ ಅಜ್ಜಿ’ ಅಂತೀನಿ. ನಾ ಸೀರಿ ಸುತ್ಕೊಂಡ ಹೊರಗ ಬರೂದ್ರಾಗ ನೀವು ಮೆತ್ತಗ ಬಾಗಲಾ ಮುಂದ ಮಾಡಿ ಮುಚ್ಕೊಂಡ ಹ್ವಾದವರ. ಚಾ ಕುಡದಾರ ಹೋಗ್ರಿ ಅಂತ ಎಷ್ಟ ಸರ್ತಿ ಹೇಳೂಣು ಅಂದ್ಕೊಂಡೇನಿ.”

ಯಾರೂ ನಗಲಿಲ್ಲ.

ಸುರಭಿ ತುಟಿ ಒದ್ದೆಮಾಡಿಕೊಂಡಳು. “ಅಕ್ಕ… ಅಜ್ಜಿ ಮಂಡಿ ಆಪರೇಷನ್ ಆದ್ಮೇಲೆ ಮೆಟ್ಟಿಲು ಹತ್ತೇ ಇಲ್ಲ. ನೀವು ಈ ಮನೆಗೆ ಬರೋಕೆ ಮುಂಚೇನೇ ಆಗಿದ್ದು ಅದು.”

ರಾಜಶ್ರೀ ಚೂಡಾಮಣಮ್ಮನ ಮುಖ ನೋಡಿದಳು, ಮಣೆಯ ಮೇಲೆ ನೀಡಿದ್ದ ಆ ಕಾಲನ್ನು ನೋಡಿದಳು. ತಾನು ತಲೆಗೆ ನೀರು ಸುರಿದುಕೊಳ್ಳುತ್ತ, ಕಣ್ಣು ಮುಚ್ಚಿ, ಅಷ್ಟು ಸಲೀಸಾಗಿ ಉತ್ತರ ಕೊಟ್ಟ ಬೆಳಗುಗಳು ಒಂದೊಂದಾಗಿ ಅವಳೆದುರು ಬಂದು ನಿಂತವು. ಬಾಗಿಲಿನ ಆಚೆ ಅವಳ ಕ್ಷೇಮವನ್ನು ಕೇಳಿ, ನಂಬಿ, ಹಿಂದಿರುಗಿದ್ದು ಯಾರು?  ಕೂಗಿಕೊಳ್ಳಬೇಕೆನ್ನಿಸಿತು, ಆದರೆ ಆ ಕತೆಯನ್ನು ಕೇಳಿದ ಮೇಲೆ ಕೂಗುವುದಕ್ಕೂ ಹೆದರಿಕೆಯಾಗಿತ್ತು.

ಆಗ ಅವಳಿಗೆ ಇನ್ನೊಂದು ತಿಳಿಯಿತು. ಮಳೆ ನಿಂತುಹೋಗಿತ್ತು. ಹಂಡೆಯ ಮೇಲೆ ಹನಿ ಬೀಳುವುದೂ ನಿಂತಿತ್ತು. ಆದರೆ ಮೇಲಿನಿಂದ, ನೀರು ಧಾರೆಯಾಗಿ ಬೀಳುವ ಸದ್ದು ನಿಂತಿರಲಿಲ್ಲ.

ಮಹಡಿಯಲ್ಲಿ ಕುಕ್ಕರ್ ಕೂಗಿತು.

ಒಂದು, ಉದ್ದಕ್ಕೆ. ಸ್ವಲ್ಪ ತಡೆದು ಮತ್ತೊಂದು, ಸಣ್ಣಗೆ. ಮೂರನೆಯದು ಆಯಿತೋ ಇಲ್ಲವೋ ಎನ್ನುವ ಹಾಗೆ, ಉಸಿರು ಸಾಲದವರ ದನಿಯಲ್ಲಿ.

“ನಿಮ್ಮ ಅನ್ನ ಆಯ್ತು ಅಕ್ಕ,” ಎಂದಳು ಸುರಭಿ, ಮಾತು ಬದಲಿಸಲು ಸಿಕ್ಕ ಆಸರೆಯನ್ನು ಹಿಡಿದುಕೊಂಡವಳಂತೆ. “ಹೋಗಿ ಆರಿಸಿ ಬನ್ನಿ.”

ರಾಜಶ್ರೀ ಎದ್ದಳು. ಎದ್ದವಳ ಬಲಗೈ ಬಿಗಿಯಾಗಿ ಮುಚ್ಚಿಕೊಂಡಿತ್ತು. ಅವಳು ಬೆರಳುಗಳನ್ನು ಬಿಡಿಸಿದಳು. ಅಂಗೈಯ ಬೆವರಿಗೆ ಮೆತ್ತಗಾದ ಬೆಂಕಿಪೊಟ್ಟಣ ಅಲ್ಲಿತ್ತು. ಒಂದು ಕಡ್ಡಿಯನ್ನೂ ಅವಳು ಗೀರಿರಲಿಲ್ಲ.

“ನಾ ಒಲೀನ ಹಚ್ಚಿಲ್ಲ,” ಎಂದಳು.

“ಓಡು,” ಎಂದರು ಚೂಡಾಮಣಮ್ಮ.

ಅವಳು ಓಡಿದಳು. ಒದ್ದೆ ಮೆಟ್ಟಿಲಿನ ಮೇಲೆ ಒಮ್ಮೆ ಜಾರಿ, ಕಂಬಿ ಹಿಡಿದು, ಮತ್ತೆ ಎದ್ದು ಓಡಿದಳು. ತಿರುವಿಗೆ ಬಂದಾಗ ಮೇಲಿನಿಂದ ಅದು ಕೇಳಿಸಿತು: ಮರದ ಬಾಗಿಲಿನ ಮೇಲೆ ಬೆರಳ ಗೆಣ್ಣು, ಟಕ್ ಟಕ್. ಅವಸರವಿಲ್ಲದೆ, ದಿನವೂ ಕೇಳಿದ್ದ ಅದೇ ಬಡಿತ. ಉತ್ತರವಿಲ್ಲ. ಮತ್ತೆ ಟಕ್ ಟಕ್. ಉತ್ತರವಿಲ್ಲ. ಆಮೇಲೆ ಅದು ಗೆಣ್ಣಿನ ಬಡಿತವಾಗಿ ಉಳಿಯಲಿಲ್ಲ. ಅಂಗೈಗಳೆರಡನ್ನೂ ಎತ್ತಿ, ಎದೆಯನ್ನೇ ಬಾಗಿಲಿಗೆ ಕೊಟ್ಟು ಬಡಿಯುವವರ ಬಡಿತವಾಯಿತು. ಮನೆಯ ಗೋಡೆಗಳು ಅದುರಿದವು. ಮುಂಬಾಗಿಲನ್ನು ತಳ್ಳಿ ರಾಜಶ್ರೀ ಒಳಗೆ ನುಗ್ಗಿದಾಗ ಸದ್ದು ತಟ್ಟನೆ ನಿಂತಿತು.

ಬಚ್ಚಲ ಬಾಗಿಲು ತೆರೆದಿತ್ತು. ಸೊಂಟಕ್ಕೆ ಟವೆಲು ಸುತ್ತಿಕೊಂಡ ಚನ್ನವೀರ ಹೊಸ್ತಿಲಿನ ಆಚೆಗೊಂದು ಈಚೆಗೊಂದು ಕಾಲಾಗಿ ಬೋರಲು ಬಿದ್ದಿದ್ದ. ಅಗುಳಿ ತೆಗೆದ ಕೈ ಇನ್ನೂ ಮುಂದಕ್ಕೆ ಚಾಚಿಕೊಂಡಿತ್ತು. ಒಳಗೆ ಕತ್ತಲಲ್ಲಿ ಆ ಬಿಳಿಯ ಪೆಟ್ಟಿಗೆಯ ಕಿಂಡಿಯಿಂದ ನೀಲಿ ಬೆಂಕಿ, ಯಾವ ಪಾಪವನ್ನೂ ಅರಿಯದಂತೆ, ಶಾಂತವಾಗಿ ಉರಿಯುತ್ತಿತ್ತು. ಮಳೆಯ ಎರಚಲಿಗೆ ಅವನೇ ಮುಚ್ಚಿದ ಗವಾಕ್ಷಿ. ರಾಜಶ್ರೀ ಉಸಿರು ಬಿಗಿಹಿಡಿದು ನಲ್ಲಿ ನಿಲ್ಲಿಸಿದಳು, ಸಿಲಿಂಡರ್ ಮುಚ್ಚಿದಳು, ಕಿಟಕಿಗಳನ್ನು ಒಂದೊಂದಾಗಿ ತೆರೆದಳು, ಗಂಡನ ಕಂಕುಳಿಗೆ ಕೈಕೊಟ್ಟು ಮುಂಬಾಗಿಲಿನ ಗಾಳಿಯವರೆಗೆ ಎಳೆದುಕೊಂಡು ಬಂದಳು. ಅಡುಗೆಮನೆಯಲ್ಲಿ, ಹಚ್ಚದ ಒಲೆಯ ಮೇಲೆ, ಕುಕ್ಕರ್ ತಣ್ಣಗೆ ಕೂತಿತ್ತು.

ಅವನು ಕೆಮ್ಮಿದ. ವಾಂತಿ ಮಾಡಿಕೊಂಡ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು ಹೆಂಡತಿಯನ್ನು ಗುರುತು ಹಿಡಿದ.

“ಥಂಡಿ ಹತ್ತಿತ್ತು… ಒಂದ್ ಸರ್ತಿ ನೋಡೂಣಂತ…” ಎಂದ. “ಕಾಲಾಗಿನ ಶಕ್ತೀನ ಹೋತು. ನಿನ್ನ ಕೂಗೂಣು ಅಂದ್ರ ದನೀನ ಹೊರಡವಲ್ದು. ಒಂದ್ ಸರ್ತಿನೂ ಕೂಗಾಕ ಆಗಲಿಲ್ಲ.”

“ಕೂಗಿದ್ದು ಕೇಳಿಸ್ತು,” ಎಂದಳು ರಾಜಶ್ರೀ. 

“ನಾ ಕೂಗಿಲ್ಲ.” ಅವನು ಅವಳ ಮಣಿಕಟ್ಟನ್ನು ಹಿಡಿದುಕೊಂಡ. “ನಿದ್ದಿ ಬಂದಂಗ ಆತು ನೋಡು, ಆವಾಗ ನೀ ಬಂದು ಬಾಗಲಾ ಬಡದಿ. ಬಿಡಲೇ ಇಲ್ಲ. ಆ ಸಪ್ಪಳಕ್ಕನ ನಾ ತೆವಳಿ ಅಗುಳಿ ತಗದೆ. ‘ಇದೀನಿ’ ಅಂದೆ…” ಎಂದವನು, ಬಳಲಿಕೆಯ ನಡುವೆಯೂ ಏನೋ ನೆನೆದು ಹುಬ್ಬು ಗಂಟಿಕ್ಕಿದ. “ಅಲ್ಲಾ, ನೀ ಯಾವಾಗಿಂದ ಬೆಂಗಳೂರ ಭಾಷಾ ಮಾತಾಡಾಕ ಹತ್ತೀ? ‘ಇದೀಯೇನಪ್ಪಾ’ ಅಂತ ಕೇಳಿದಿ. ಅದಕ್ಕ ನನ್ನ ಬಾಯಾಗೂ ಹಂಗ ಬಂತು.”

ಅವಳು ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬಚ್ಚಲ ಕಡೆಗೆ ತಿರುಗಿ ನೋಡಲು ಕೊರಳು ಒಪ್ಪಲಿಲ್ಲ.

ಕೆಳಗಿನ ವರಾಂಡದಿಂದ ಮುದುಕಿಯ ದನಿ ಕತ್ತಲನ್ನು ಹತ್ತಿಕೊಂಡು ಬಂತು. “ರಾಜಶ್ರೀ… ಉತ್ತರ ಕೊಟ್ಟನೇನಮ್ಮ ಅವನು?”

“ಕೊಟ್ಟಾರ್ರೀ ಅಜ್ಜಿ.”

ಕೆಳಗೆ ಯಾರೋ ಅಳುತ್ತಿದ್ದರು; ಸುರಭಿ ಇರಬೇಕು. ಚೂಡಾಮಣಮ್ಮ ಹೇಳಿದರು, ಮನೆಗೆ ಬಂದ ನೆಂಟರ ವಿಷಯ ಹೇಳುವಷ್ಟು ಸಹಜವಾಗಿ. “ಹಾಗಾದ್ರೆ ಬಾಗಿಲಿಗೆ ಅಡ್ಡ ಕೂತ್ಕೋಬೇಡಿ, ದಾರಿ ಬಿಡಿ. ಕೇಳಿಸ್ಕೊಂಡ ಮೇಲೆ ಅವಳು ನಿಲ್ಲಲ್ಲ.”

ದಾರಿಗೆ ಅಡ್ಡವಾಗಿ ಚಾಚಿಕೊಂಡಿದ್ದ ಗಂಡನ ಒದ್ದೆ ಕಾಲುಗಳನ್ನು ರಾಜಶ್ರೀ ಮೆಲ್ಲಗೆ ಪಕ್ಕಕ್ಕೆ ಎಳೆದುಕೊಂಡಳು. ಗಾಳಿ ಇರಲಿಲ್ಲ, ಗೋಡೆಯ ಕ್ಯಾಲೆಂಡರಿನ ಒಂದು ಹಾಳೆಯೂ ಅಲುಗಲಿಲ್ಲ. ಅವಳ ಹೆಗಲನ್ನು, ಸವೆದು ತೆಳ್ಳಗಾದ ಹಳೆಯ ಸೀರೆಯ ಸೆರಗಿನಂಥದೊಂದು ಸೋಕಿ ದಾಟಿತು. ಗೋಡೆಗೆ ತಾಗುವವರೆಗೆ ಅವಳೇ ತಳ್ಳಿ ತೆರೆದಿದ್ದ ತಲೆಬಾಗಿಲು ನಿಧಾನವಾಗಿ ತಿರುಗಿ, ಕೊನೆಯಲ್ಲಿ ಒಂದು ಕ್ಷಣ ತಡೆದು, ಬಾಣಂತಿ ಮಲಗಿರುವ ಮನೆಯಿಂದ ಹೊರಡುವವರು ಮುಚ್ಚುವಷ್ಟು ಮೆತ್ತಗೆ ಮುಚ್ಚಿಕೊಂಡಿತು.